ಫಕ್ರುದ್ದೀನ್ ಸಾಬರ ಕಿವಿ, ಮಿಡಿಗೇಶಿಯ ಕಾರು

ಶಿರಾದಿಂದ ಮಧುಗಿರಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿಯಿತು ಅನ್ನುವಷ್ಟರಲ್ಲಿ ಎಡಕ್ಕೊಂದು ತಗಡಿನ ಚಪ್ಪರ ಸಿಗುತ್ತದೆ. ಅದೇ ಫಕ್ರುದ್ದೀನ್ ಸಾಬರ ಗ್ಯಾರೇಜು. ಬೋರ್ಡಿಲ್ಲ. ಹುಡುಕಿಕೊಂಡು ಬರುವವರಿಗೆ ಬೋರ್ಡು ಬೇಕಿಲ್ಲ, ಬೋರ್ಡು ನೋಡಿ ಬರುವವರು ಸಾಬರಿಗೆ ಬೇಕಿಲ್ಲ. ಈ ಮಾತು ಅವರದಲ್ಲ, ಪಕ್ಕದ ಟೀ ಅಂಗಡಿಯ ದೊಡ್ಡರಂಗಪ್ಪನದು.

ಸಾಬರು ಗಾಡಿ ನೋಡುವ ಕ್ರಮವೇ ಬೇರೆ. ಮೊದಲು ಅವರು ನೋಡುವುದೇ ಇಲ್ಲ, ಕೇಳುತ್ತಾರೆ. ಇಂಜಿನ್ ಚಾಲೂ ಮಾಡಿಸಿ, ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಅದರ ಮೈಗೆ ಊರಿ, ಹಿಡಿಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುತ್ತಾರೆ. ಆಗ ಯಾರೂ ಮಾತಾಡಕೂಡದು. ದೊಡ್ಡರಂಗಪ್ಪ ಕೂಡ ಲೋಟ ತೊಳೆಯುವುದನ್ನು ನಿಲ್ಲಿಸುತ್ತಾನೆ. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು, "ಬೇರಿಂಗು" ಅಂತಲೋ "ವಾಟರ್ ಪಂಪು" ಅಂತಲೋ ಒಂದೇ ಮಾತು ಹೇಳುತ್ತಾರೆ. ಬಿಚ್ಚಿ ನೋಡಿದರೆ ಅದೇ ಇರುತ್ತದೆ.

ಈ ಕಿವಿ ಅಪ್ಪನಿಂದ ಬಂದದ್ದು. ಅಪ್ಪ ಕಲಾಯಿ ಹಾಕುವವರು. ತಿದಿ, ಇದ್ದಿಲು, ತವರದ ಕಡ್ಡಿ ಹೊತ್ತುಕೊಂಡು ಅತ್ತ ಹೊಳವನಹಳ್ಳಿ, ಇತ್ತ ಮಿಡಿಗೇಶಿ ಅಂತ ಊರೂರು ತಿರುಗುತ್ತಿದ್ದರು. ಹಿತ್ತಾಳೆ ಪಾತ್ರೆ ಕೈಗೆ ಬಂದೊಡನೆ ಬೆರಳಗಂಟಿನಿಂದ ಒಮ್ಮೆ ತಟ್ಟುವುದು ಅವರ ಪದ್ಧತಿ. ಠಣ್ ಅಂದರೆ ಪಾತ್ರೆ ಗಟ್ಟಿ, ಠಪ್ ಅಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು. ತಿದಿ ಒತ್ತುತ್ತ ಕೂತ ಮಗ ಈ ಠಣ್ಣು ಠಪ್ಪುಗಳ ನಡುವೆಯೇ ಬೆಳೆದ. ಸ್ಟೀಲು ಪಾತ್ರೆ ಬಂದು ಕಲಾಯಿಯ ಕಾಲ ಮುಗಿದಾಗ ಅದೇ ಕಿವಿಯನ್ನು ಬಾವಿಗಳ ಡೀಸೆಲ್ ಪಂಪಿಗೆ ಕೊಟ್ಟ. ಪಂಪಿನ ಕಾಲ ಮುಗಿದು ಕರೆಂಟು ಮೋಟಾರು ಬಂದ ಮೇಲೆ ಕಾರುಗಳಿಗೆ ಕೊಟ್ಟ. ಹಾಗಾಗಿ ಸಾಬರ ಕಾರಿನ ಗಿರಾಕಿಗಳಲ್ಲಿ ಅರ್ಧ ಜನ ಅವರ ಅಪ್ಪನ ಪಾತ್ರೆ ಗಿರಾಕಿಗಳ ಮಕ್ಕಳೇ.

ಮಿಡಿಗೇಶಿಯ ಶಂಕರಲಿಂಗಪ್ಪನವರು ಅಂಥವರಲ್ಲೊಬ್ಬರು. ಹುಣಸೆಹಣ್ಣಿನ ವ್ಯಾಪಾರ. ಒಂದು ಹಳೇ ಬಿಳಿ ಮಾರುತಿ ಕಾರು. ಅದರ ಗಾಜು ಒರೆಸುವುದು, ರೇಡಿಯೇಟರಿಗೆ ನೀರು ನೋಡುವುದು ಎಲ್ಲ ಹೆಂಡತಿ ಕಮಲಾಕ್ಷಮ್ಮನ ಪಾಲಿಗೆ. ಶಂಕರಲಿಂಗಪ್ಪನವರಿಗೆ ಬಾನೆಟ್ಟು ತೆಗೆಯಲು ಎಲ್ಲಿ ಎಳೆಯಬೇಕು ಅಂತಲೂ ಗೊತ್ತಿರಲಿಲ್ಲ. ಕಾರಿಗೆ ಏನಾದರೂ ಆದರೆ ಮಾತ್ರ ಮಧುಗಿರಿಯ ಗ್ಯಾರೇಜುಗಳನ್ನೆಲ್ಲ ದಾಟಿ, ಬಡವನಹಳ್ಳಿ ಮೇಲೆ, ಸೀದಾ ಶಿರಾಕ್ಕೆ ಬರುತ್ತಿದ್ದರು.

ಆ ಸಲ ಬಂದಾಗ ಸಾಬರು ಟೈಮಿಂಗ್ ಬೆಲ್ಟ್ ತೋರಿಸಿ, ಒಣಗಿ ಬಿರಿದಿದೆ, ದಾರಿಯಲ್ಲಿ ಕಡಿದರೆ ಗಾಡಿ ಕಥೆ ಮುಗೀತು ಅಂದರು. ಬೆಲ್ಟ್ ಅಂದರೆ ಹಲ್ಲಿರುವ ರಬ್ಬರಿನ ಪಟ್ಟಿ. ಇಂಜಿನ್ನಿನ ಕೆಳಗಿನ ಚಕ್ರ ಮೇಲಿನ ಚಕ್ರ ಎರಡನ್ನೂ ಒಂದೇ ತಾಳಕ್ಕೆ ಕುಣಿಸುವುದು ಅದರ ಕೆಲಸ. ಕೋಲಾಟದಲ್ಲಿ ಒಬ್ಬ ಹೆಜ್ಜೆ ತಪ್ಪಿದರೆ ಪಕ್ಕದವನ ಬೆರಳಿಗೆ ಕೋಲು ಬೀಳುತ್ತದಲ್ಲ, ಹಾಗೆ ಬೆಲ್ಟಿನ ಒಂದು ಹಲ್ಲು ಆಚೀಚೆ ಆದರೂ ಇಂಜಿನ್ ಎಡವುತ್ತದೆ. ಸಾಬರು ಹೊಸ ಬೆಲ್ಟನ್ನು ಗುರುತಿಗೆ ಗುರುತು ಕೂಡಿಸಿ ಹಾಕಿ, ಕೈಯಲ್ಲೇ ಚಕ್ರ ತಿರುಗಿಸಿ ನೋಡಿ, ಮತ್ತೆ ಗುರುತು ನೋಡಿ, ಆಮೇಲೆ ಚಾಲೂ ಮಾಡಿದರು. ಸ್ಕ್ರೂಡ್ರೈವರು ಕಿವಿಗೆ ಹಚ್ಚಿದರು. ಹಾಲು ಕುಡಿದ ಮಗುವಿನ ಉಸಿರಿನಂತಿತ್ತು ಸದ್ದು.

"ಹೋಗ್ಬನ್ನಿ ಸಾವ್ಕಾರ್ರೇ, ಇನ್ನು ನಿಮ್ಮ ಮೊಮ್ಮಗ ಓಡಿಸೋ ತನಕ ಇದರ ಯೋಚ್ನೆ ಇಲ್ಲ."

ಮಾರನೆಯ ದಿನವೇ ಫೋನು ಬಂತು.

"ಸಾಬ್ರೇ, ಗಾಡಿ ಯಾಕೋ ನಡುಗ್ತೈತೆ ಕಣ್ರೀ."

"ಓಡೋವಾಗ್ಲಾ, ನಿಂತಾಗ್ಲಾ?"

"ಓಡಿದ್ರೆ ಕುದ್ರೆ. ನಿಂತ್ರೆ ಚಳಿಜ್ವರ. ಮಧುಗಿರಿ ಬಸ್ ಸ್ಟ್ಯಾಂಡ್ ತಾವ ನಿಲ್ಸಿದ್ರೆ ಸ್ಟೇರಿಂಗು, ಸೀಟು, ನನ್ ಹಲ್ಲು ಎಲ್ಲಾ ಕಟಕಟ ಅಂತಾವೆ. ಪಕ್ಕದ ಆಟೋದವ್ನು, 'ಯಜಮಾನ್ರೇ, ಗಾಡಿಗೆ ಕಂಬಳಿ ಹೊದಿಸಿ' ಅಂದ."

"ತಗೊಂಡ್ಬನ್ನಿ."

ತಂದರು. ಚಪ್ಪರದ ಕೆಳಗೆ ನಿಲ್ಲಿಸಿದರು. ಗಾಡಿ ಹಾಲು ಕುಡಿದ ಮಗು.

ಇಬ್ಬರೂ ಬಾನೆಟ್ಟಿನ ಎರಡು ಕಡೆ ನಿಂತು ಇಂಜಿನ್ನನ್ನೇ ನೋಡಿದರು. ಶಂಕರಲಿಂಗಪ್ಪನವರಿಗೆ ನಾಚಿಕೆಯಾಯಿತು. "ನಿಮ್ಮ ಮುಂದೆ ನಾಟ್ಕ ಆಡ್ತದೆ ಸಾಬ್ರೇ ಇದು. ಡಾಕ್ಟ್ರನ್ನ ಕಂಡ್ರೆ ಹೊಟ್ಟೆನೋವು ಹೋಗೋ ಹುಡುಗ್ರು ಇರ್ತಾವಲ್ಲ, ಅಂಗೆ."

ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸು ಹೋದರು. ಮತ್ತೆರಡು ದಿನಕ್ಕೆ ಮತ್ತೆ ಫೋನು, ಮತ್ತೆ ಅದೇ ನಡುಕ. ಈ ಸಲ ಶಂಕರಲಿಂಗಪ್ಪನವರು ಅಂಗಳದಲ್ಲಿ ಗಾಡಿ ಚಾಲೂ ಮಾಡಿ, ಫೋನನ್ನೇ ಮುಚ್ಚಿದ ಬಾನೆಟ್ಟಿನ ಮೇಲಿಟ್ಟು, "ಕೇಳಿ, ಕೇಳಿ" ಅಂತ ಕೂಗಿದರು. ಸಾಬರಿಗೆ ಕೇಳಿದ್ದು ಗಾಳಿ, ಒಂದು ನಾಯಿ, ಮತ್ತೆ ಶಂಕರಲಿಂಗಪ್ಪನವರೇ. ಇಂಜಿನ್ನಿನ ಮಾತು ಒಂದಕ್ಷರ ತಿಳಿಯಲಿಲ್ಲ.

ಕಾರು ಮತ್ತೆ ಶಿರಾಕ್ಕೆ ಬಂತು. ಸಾಬರು ಹೊಸ ಬೆಲ್ಟನ್ನು ಬಿಚ್ಚಿದರು. ಗುರುತುಗಳು ಎಲ್ಲಿರಬೇಕೋ ಅಲ್ಲೇ ಇದ್ದವು. ಪ್ಲಗ್ಗು ಬದಲಾಯಿಸಿದರು, ಕಾರ್ಬೊರೇಟರು ತೊಳೆದರು, ಕರೆಂಟಿನ ವೈರು ಒಂದೊಂದೇ ಎಳೆದು ನೋಡಿದರು. ಎಲ್ಲ ಸರಿ. ಸರಿಯಾಗಿರುವುದನ್ನು ಸರಿ ಮಾಡುವುದು ಹೇಗೆ?

"ಈಗ ಹೇಳಿ ಸಾವ್ಕಾರ್ರೇ, ನಡುಗ್ತಾ ಇದೆಯಾ?"

ಶಂಕರಲಿಂಗಪ್ಪನವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರು. ಅಷ್ಟು ದಿನ ಗಾಡಿಯ ಜೊತೆ ನಡುಗಿದ ಮೈ ಅವರದು. "ಇಲ್ಲಾ… ಅಂದ್ರೆ… ಒಂಚೂರು ಐತೇನೋಪ್ಪ. ನಿಮಗೆ ಕೇಳುಸ್ತಿಲ್ವಾ?"

ಈ ಮಾತು ಸಾಬರ ಎದೆಯಲ್ಲಿ ಕೂತುಬಿಟ್ಟಿತು. ನಿಮಗೆ ಕೇಳಿಸುತ್ತಿಲ್ಲವೇ? ಅಲ್ಲಿಯತನಕ ಅವರು ಗಾಡಿಯಲ್ಲಿ ತಪ್ಪು ಹುಡುಕುತ್ತಿದ್ದರು. ಅವತ್ತಿನಿಂದ ತಮ್ಮಲ್ಲೇ ಹುಡುಕತೊಡಗಿದರು. ಗಾಡಿ ನಡುಗುವುದು ನಿಜ, ಗಾಡಿಯವರು ಸುಳ್ಳು ಹೇಳುವ ಜನ ಅಲ್ಲ. ತನಗೆ ಮಾತ್ರ ಗೊತ್ತಾಗುತ್ತಿಲ್ಲ ಅಂದರೆ ಕೆಟ್ಟಿರುವುದು ಏನು?

ಮನೆಗೆ ಹೋಗಿ ಹೆಂಡತಿ ಶರ್ಫುನ್ನೀಸಾರನ್ನು ಕೇಳಿದರು, "ನನಗೆ ಕಿವಿ ಮಂದ ಆಗಿದೆಯಾ?"

"ಈಗ ಗೊತ್ತಾಯ್ತಾ ಜೀ? ನಾನು ಕರೆದ್ರೆ ಯಾವ ಕಾಲಕ್ಕೆ ಓಗೊಟ್ಟಿದ್ದೀರಿ?"

ಆಕೆ ತಮಾಷೆಗೆ ಅಂದದ್ದು. ಸಾಬರು ನಗಲಿಲ್ಲ. ಮುಖ ನೋಡಿ ಆಕೆಗೂ ಗಾಬರಿಯಾಯಿತು. ಪರೀಕ್ಷೆ ಮಾಡಿಯೇ ಬಿಡೋಣ ಅಂತ ಗಂಡನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಅಡುಗೆಮನೆಗೆ ಹೋದರು.

"ಈಗ ಏನ್ ಮಾಡ್ದೆ?"

"ಜೀರಿಗೆ ಡಬ್ಬ ಮುಚ್ಚಿದೆ."

"ಈಗ?"

"ಸೆರಗಲ್ಲಿ ಕೈ ಒರೆಸ್ಕೊಂಡೆ."

"ಈಗ?"

"ಏನೂ ಮಾಡ್ಲಿಲ್ಲ. ನನ್ನ ಬೈಕೊಂಡೆ."

ಶರ್ಫುನ್ನೀಸಾ ಬಾಗಿಲಿಗೆ ಬಂದು ಸೊಂಟಕ್ಕೆ ಕೈಯಿಟ್ಟರು. "ತೋಬಾ! ಇಷ್ಟು ಕೇಳಿಸಿದ್ರೂ ಇಷ್ಟು ವರ್ಷ ಓಗೊಡ್ಲಿಲ್ವಾ ನೀವು?"

ಪರೀಕ್ಷೆಯಲ್ಲಿ ಪಾಸಾದರೂ ಸಾಬರಿಗೆ ಸಮಾಧಾನವಿಲ್ಲ. ಜೀರಿಗೆ ಡಬ್ಬ ಬೇರೆ, ಇಂಜಿನ್ ಬೇರೆ. ಎಲ್ಲವೂ ಕೇಳಿಸಿ ಇಂಜಿನ್ನಿನ ಒಂದು ಸದ್ದು ಮಾತ್ರ ಕಿವಿಯಿಂದ ಉದುರಿ ಹೋಗುವುದುಂಟೇ? ಉಂಟೋ ಇಲ್ಲವೋ, ಯಾರನ್ನು ಕೇಳುವುದು?

ಮಾತು ರೆಕ್ಕೆ ಕಟ್ಟಿಕೊಂಡು ಹಾರಿತು. ಪಾವಗಡದ ತಿಮ್ಮರಾಜು, ವರ್ಷಗಳಿಂದ ತನ್ನ ಜೀಪನ್ನು ಸಾಬರ ಕೈಗೇ ಕೊಟ್ಟವನು, ಒಂದು ದಿನ ಟೀ ಕುಡಿಯಲು ಮಾತ್ರ ನಿಲ್ಲಿಸಿದ.

"ಏಮಿ ಸಾಯಬೂ, ಕಿವಿ ಸರಿಗಾ ಕೇಳ್ಸಲ್ವಂಟ ಕದಾ?"

"ಯಾರಂದ್ರು?"

"ಎವರೋ ಅನ್ನಾರು, ಯಾರಂದ್ರೇನು ಬುಡು." ಟೀ ಕುಡಿದು ಜೀಪು ಹತ್ತಿ ಹೋದ. ಜೀಪಿನ ಸೈಲೆನ್ಸರು ಒಡೆದಿತ್ತು, ಅದು ಸಾಬರಿಗೆ ಕೇಳಿಸಿತು. ಆದರೆ ಕರೆಯಲಿಲ್ಲ.

ಆಮೇಲೆ ಹೊಸ ಗಾಡಿ ಬಂದರೆ ಸಾಬರ ಕೈ ಹಿಂದೇಟು ಹಾಕತೊಡಗಿತು. ಸ್ಕ್ರೂಡ್ರೈವರು ಊರಿ ಕಣ್ಣು ಮುಚ್ಚಿದರೆ ಇಂಜಿನ್ನಿನ ಸದ್ದಿಗಿಂತ ಮೊದಲು 'ನಿಮಗೆ ಕೇಳುಸ್ತಿಲ್ವಾ' ಅನ್ನುವುದೇ ಕೇಳುತ್ತಿತ್ತು. "ಬೇರಿಂಗು" ಅನ್ನುವ ಜಾಗದಲ್ಲಿ "ಬೇರಿಂಗು ಇರಬಹುದು" ಅನ್ನತೊಡಗಿದರು. ಇರಬಹುದು ಅನ್ನುವ ಮೆಕ್ಯಾನಿಕ್ಕನ ಕೈಗೆ ಯಾರು ಇಂಜಿನ್ ಕೊಡುತ್ತಾರೆ? ಕೊನೆಗೆ ಒಂದು ತೀರ್ಮಾನಕ್ಕೆ ಬಂದರು. ಇಂಜಿನ್ ಕೆಲಸ ಬಿಡುವುದು. ಪಂಕ್ಚರು, ಆಯಿಲ್ ಬದಲಾವಣೆ ಇಷ್ಟೇ ಇಟ್ಟುಕೊಳ್ಳುವುದು. ಮಧುಗಿರಿಯಲ್ಲಿ ದೊಡ್ಡ ಗ್ಯಾರೇಜು ಇಟ್ಟಿದ್ದ ಅಕ್ಕನ ಮಗ ವಾಸಿಫನಿಗೆ ಫೋನು ಮಾಡಿ, "ನನ್ನ ಇಂಜಿನ್ ಸಾಮಾನೆಲ್ಲ ನೀನು ತಗೊಂಡು ಹೋಗು. ನಿನಗಾದ್ರೂ ಉಪಯೋಗಕ್ಕೆ ಬರ್ಲಿ" ಅಂದರು.

"ಏನ್ ಮಾಮು, ಒಂದು ಹಳೇ ಕಾರಿಗೋಸ್ಕರ ಕೆಲಸ ಬಿಡ್ತೀರಾ?"

"ಕಾರಿಗಲ್ಲ. ಬಾ ನೀನು."

ಶುಕ್ರವಾರ ನಮಾಜು ಮುಗಿಸಿ ಬರುತ್ತೇನೆ ಅಂದ ವಾಸಿಫ್.

ಶುಕ್ರವಾರ ಬೆಳಿಗ್ಗೆ ಸಾಬರಿಗೆ ಒಂದು ಯೋಚನೆ ಬಂತು. ಬಿಡುವುದಂತೂ ಬಿಡುತ್ತೇನೆ, ಬಿಡುವ ಮುಂಚೆ ಆ ನಡುಕವನ್ನೊಮ್ಮೆ ಅದರ ಮನೆಯಲ್ಲೇ ಕೇಳಿಬಿಡೋಣ. ಅಲ್ಲೂ ಕೇಳಿಸದಿದ್ದರೆ ಮನಸ್ಸಿನ ಗುದ್ದಾಟವಾದರೂ ಮುಗಿಯುತ್ತದೆ. ಯಾರಿಗೂ ಹೇಳದೆ, ಫೋನೂ ಮಾಡದೆ, ಸ್ಕ್ರೂಡ್ರೈವರನ್ನು ಚೀಲಕ್ಕೆ ಹಾಕಿ ಬೈಕು ಹತ್ತಿದರು.

ಮಿಡಿಗೇಶಿ ಬೆಟ್ಟದ ಬುಡಕ್ಕೆ ಬೆಳಗಿನ ಬಿಸಿಲು ಇಳಿಯುವ ಹೊತ್ತಿಗೆ ಶಂಕರಲಿಂಗಪ್ಪನವರ ಅಂಗಳದಲ್ಲಿದ್ದರು. ಆಳುಗಳ ಜೊತೆ ಕೂತು ಹುಣಸೆ ಕುಟ್ಟಿ ಬೀಜ ಬಿಡಿಸುತ್ತಿದ್ದ ಕಮಲಾಕ್ಷಮ್ಮ ತಲೆಯೆತ್ತಿ ನೋಡಿ, ಕೈಯಲ್ಲಿದ್ದುದನ್ನು ಕೆಳಗೆ ಹಾಕಿದರು.

"ಅಯ್ಯೋ ಶಿವನೇ! ಫಕ್ರುದ್ದೀನಣ್ಣ, ಹೇಳ್ದೆ ಕೇಳ್ದೆ ಬಂದ್ಬುಟ್ರಲ್ಲ!"

"ಗಾಡಿ ನೋಡೋಣ ಅಂತ ಬಂದೆ ಅಕ್ಕಾರೇ."

"ಗಾಡಿ ಎಲ್ಲೋಯ್ತದೆ? ಮೊದ್ಲು ಕೂತ್ಕಳಿ. ಮಜ್ಜಿಗೆ ಕುಡೀರಿ. ರೊಟ್ಟಿ ತಟ್ಲಾ? ರೀ, ಅಣ್ಣನ್ನ ಒಳೀಕೆ ಕರ್ಕೊಂಡು ಹೋಗ್ರೀ. ನಾನು ಒಂದು ಚೆಂಬು ನೀರು ಹಾಕ್ಬುಟ್ಟು ಬತ್ತೀನಿ ಗಾಡಿಗೆ."

"ನೀರು ಆಮೇಲೆ ಹಾಕುವಂತೆ ತಡಿ" ಅಂದರು ಶಂಕರಲಿಂಗಪ್ಪನವರು. ಅವರಿಗೆ ಆತುರ. ಕೀಲಿ ತಂದು, ಕೂತು, ಚಾಲೂ ಮಾಡಿದರು.

ಗಾಡಿ ನಡುಗಿತು. ಸುಮ್ಮನೆ ನಡುಕವಲ್ಲ. ಬಾನೆಟ್ಟು, ಕನ್ನಡಿ, ನಂಬರ್ ಪ್ಲೇಟು ಎಲ್ಲ ಗಡಗಡ. ಒಂದು ಗುಟುಕು ಎಳೆದುಕೊಂಡು, ಎರಡು ಬಿಟ್ಟು, ಕೆಮ್ಮಿ, ಮತ್ತೆ ಎಳೆದುಕೊಳ್ಳುವ ಸದ್ದು.

ಕೆಟ್ಟ ಇಂಜಿನ್ನಿನ ಸದ್ದು ಕೇಳಿ ಮುಖ ಅರಳಿದ ಮೆಕ್ಯಾನಿಕ್ಕನನ್ನು ನೀವು ಕಂಡಿದ್ದೀರೋ ಇಲ್ಲವೋ. ಅವತ್ತು ಮಿಡಿಗೇಶಿಯವರು ಕಂಡರು. "ಕೇಳುಸ್ತು!" ಅಂದರು ಸಾಬರು. "ಸಾವ್ಕಾರ್ರೇ, ನನಗೆ ಕೇಳುಸ್ತು!"

"ಕೇಳುಸ್ದೆ ಏನ್ರೀ, ಬೆಟ್ಟದ ಮ್ಯಾಲಿರೋ ಕೋತಿಗೂ ಕೇಳುಸ್ತೈತೆ. ನಾನು ಸುಳ್ಳು ಹೇಳ್ತಿದ್ನಾ?"

ಸಾಬರು ಕೈಯೆತ್ತಿ ಸುಮ್ಮನಿರಿಸಿದರು. ನಡುಕದ ಒಳಗೆ ಇನ್ನೊಂದು ಸಣ್ಣ ಸದ್ದಿತ್ತು. ಸುಯ್ಯ್ ಅಂತ. ಎಲ್ಲೋ ಗಾಳಿ ಎಳೆಯುತ್ತಿದೆ. ಬಾನೆಟ್ಟಿನ ಕಡೆ ಹೆಜ್ಜೆ ಹಾಕಿದರು. ಅಷ್ಟರಲ್ಲಿ ಕಮಲಾಕ್ಷಮ್ಮ ಅಡ್ಡ ಬಂದು, ಹುಣಸೆ ಮೆತ್ತಿದ ಎರಡೂ ಅಂಗೈಗಳನ್ನು ಬಾನೆಟ್ಟಿನ ಮೇಲೆ ಒತ್ತಿ ನಿಂತರು. ಗಾಡಿಯ ಜೊತೆಗೆ ಅವರ ಬಳೆಗಳೂ ನಡುಗುತ್ತಿದ್ದವು.

"ಬ್ಯಾಡ ಅಣ್ಣ. ಈಗ ತೆಗೀಬ್ಯಾಡಿ."

"ಯಾಕೆ ಅಕ್ಕಾರೇ?"

"ಯಾಕೆ ಅಂದ್ರೆ… ಬ್ಯಾಡ."

"ಲೇ ಕಮಲೂ, ಏನೇ ಇದು?" ಅಂತ ಗಂಡ ಗದರಿದಾಗ ಆಕೆ ಕೈ ತೆಗೆದು, ಸೆರಗು ಬಾಯಿಗೆ ಒತ್ತಿಕೊಂಡು ಪಕ್ಕಕ್ಕೆ ಸರಿದರು.

ಬಾನೆಟ್ಟು ಎದ್ದಿತು. ಒಳಗೆ, ಇಂಜಿನ್ನಿಗೆ ಗಾಳಿಯ ಲೆಕ್ಕ ಇಡುವ ಸಣ್ಣ ರಬ್ಬರ್ ಪೈಪಿಗೆ, ಕಪ್ಪು ದಾರದಲ್ಲಿ ಒಂದು ಗಂಟು ಜೋತಾಡುತ್ತಿತ್ತು. ಕೆಂಪು ಬಟ್ಟೆಯಲ್ಲಿ ಕಟ್ಟಿದ, ಮುಷ್ಟಿಗಾತ್ರದ ದೃಷ್ಟಿಗಂಟು. ಒಳಗೆ ಪಟಿಕದ ಕಲ್ಲು, ಕಲ್ಲುಪ್ಪು, ಒಣಮೆಣಸಿನಕಾಯಿ.

ಇಂಜಿನ್ ಕೆಮ್ಮುತ್ತಲೇ ಇತ್ತು.

ಸಾಬರು ಗಂಟನ್ನು ನೋಡಿದರು, ಕಮಲಾಕ್ಷಮ್ಮನನ್ನು ನೋಡಿದರು. ಮೆಲ್ಲಗೆ ಒಂದು ಬೆರಳಿನಿಂದ ಗಂಟನ್ನು ಮೇಲೆತ್ತಿದರು. ನಡುಕ ನಿಂತಿತು. ಬೆರಳು ತೆಗೆದರು, ನಡುಕ ಬಂತು. ಮತ್ತೆ ಎತ್ತಿದರು, ನಿಂತಿತು. ಶಂಕರಲಿಂಗಪ್ಪನವರು ಗಾಡಿಯಿಂದಿಳಿದು ಬಂದು ತಾವೂ ಒಮ್ಮೆ ಎತ್ತಿ, ಬಿಟ್ಟು, ಎತ್ತಿ ನೋಡಿದರು. ಬಾಯಿ ತೆರೆದದ್ದು ಮುಚ್ಚಲಿಲ್ಲ. ಪೈಪಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ಭಾರ ಬಿದ್ದರೆ ಬಾಯಿ ಬಿಡುತ್ತಿತ್ತು, ಭಾರ ತೆಗೆದರೆ ತಾನೇ ಮುಚ್ಚಿಕೊಳ್ಳುತ್ತಿತ್ತು. ತೂತು ಬಿದ್ದ ಕೊಳವೆಯಲ್ಲಿ ಎಳನೀರು ಎಳೆದರೆ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತದಲ್ಲ, ಇಂಜಿನ್ನಿಗೆ ಆದದ್ದು ಅದೇ.

"ಇದು ನಾನು ಬೆಲ್ಟ್ ಹಾಕಿದಾಗ ಇರಲಿಲ್ಲ" ಅಂದರು ಸಾಬರು. "ಶಿರಾಕ್ಕೆ ಬಂದಾಗಲೂ ಕಾಣಲಿಲ್ಲ."

"ಶಿರಾಕ್ಕೆ ಹೋಗೋ ದಿನ ನೀರು ಹಾಕುವಾಗ ಬಿಚ್ಚಿ ದೇವ್ರ ಗೂಡಲ್ಲಿ ಇಡ್ತಿದ್ದೆ ಅಣ್ಣ. ಬಂದ್ಮ್ಯಾಕೆ ಮತ್ತೆ ಕಟ್ತಿದ್ದೆ."

"ಯಾಕೇ?" ಅಂತ ಗಂಡ ಕೂಗಿದರು.

"ಸುಮ್ಕಿರ್ರೀ. ಹೊಟ್ಟೆ ಬಗೆದು ಒಳಗಿಂದು ತೆಗ್ದು ಹೊಸಾದು ಹಾಕಿದಾರೆ ಅಂದ್ರೆ ಬಾಣಂತಿ ಇದ್ದಂಗೆ ಅಲ್ವಾ ಅದು? ಊರ ಕಣ್ಣು ಬೀಳಬಾರ್ದು ಅಂತ ಕಟ್ಟಿದೆ." ಆಮೇಲೆ ಸಾಬರ ಕಡೆ ತಿರುಗಿದರು. ದನಿ ಇಳಿಯಿತು. "ಆದ್ರೆ ಹೊಟ್ಟೆ ಬಗೆದೋರು ನೀವು. ನೀವು ಬಾನೆಟ್ಟು ಎತ್ತಿ ಇದನ್ನ ಕಂಡ್ರೆ, 'ಈಯಮ್ಮ ನನ್ ಕಣ್ಣಿಗೇ ಕಟ್ಟವ್ಳೆ' ಅಂದ್ಕೊಳಲ್ವಾ? ನಿಮ್ಮಪ್ಪಾಜಿ ಈ ಜಗಲಿ ಮೇಲೆ ಕೂತು ನಮ್ಮತ್ತೆ ಪಾತ್ರೆಗೆ ಕಲಾಯಿ ಹಾಕ್ದೋರು. ನಿಮ್ಮ ಮನಸ್ಸು ನೋಯಿಸ್ಲಾ ನಾನು?"

ಸಾಬರು ಗಂಟನ್ನು ಬಿಚ್ಚಿ ಆಕೆಯ ಕೈಗೆ ಕೊಟ್ಟರು. ತನ್ನ ಮನಸ್ಸು ನೋಯಬಾರದು ಅಂತ ಈಕೆ ಮಾಡಿದ್ದರಿಂದ ತಾನು ಕೆಲಸವನ್ನೇ ಬಿಡಲು ಹೊರಟಿದ್ದು. ಸಿಟ್ಟು ಮಾಡಿಕೊಳ್ಳಲೋ? ಯಾರ ಮೇಲೆ? ನಗಲೋ? ನಗು ಬರುವ ಬದಲು ಕಣ್ಣು ಯಾಕೆ ಉರಿಯುತ್ತಿದೆ? ಜಗಲಿಯ ಮೇಲೆ ಕೂತರು. ಮಜ್ಜಿಗೆ ಕೇಳಿದರು. ಕುಡಿದು ಲೋಟ ಕೆಳಗಿಟ್ಟು, "ಬಿರುಕು ನಂದೇ ಅಕ್ಕಾರೇ" ಅಂದರು. "ಬೆಲ್ಟ್ ಹಾಕೋವಾಗ ಆ ಪೈಪನ್ನ ಪಕ್ಕಕ್ಕೆ ಬಗ್ಗಿಸಿದ್ದು ನಾನು. ಒಣಗಿದ್ದ ರಬ್ಬರು. ಬುಡ ನೋಡಬೇಕಿತ್ತು, ನೋಡ್ಲಿಲ್ಲ."

"ಅಂದ್ರೆ ನನ್ ಗಂಟಿಂದು ತಪ್ಪಿಲ್ಲ?"

"ಗಂಟಿಂದೂ ಇದೆ, ನಂದೂ ಇದೆ."

"ನಂದು ಮಾತ್ರ ಇಲ್ಲ" ಅಂದರು ಶಂಕರಲಿಂಗಪ್ಪನವರು, "ಸದ್ಯ!"

"ನಿಮ್ದೇ ಜಾಸ್ತಿ" ಅಂತ ಹೆಂಡತಿ ತಿರುಗಿಬಿದ್ದರು. "ಇಷ್ಟು ವರ್ಷದಲ್ಲಿ ಒಂದಿನ ಬಾನೆಟ್ಟು ಎತ್ತಿದ್ರೆ ಅವತ್ತೇ ಕಾಣ್ತಿರ್ಲಿಲ್ವಾ ನಿಮಗೆ?"

ಸಾಬರು ಪೈಪಿನ ಬಿರಿದ ಬುಡವನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒತ್ತಿ ಕೂರಿಸಿದರು. ಬಾನೆಟ್ಟಿನ ಬೀಗ ಕೂರುವ ಕಬ್ಬಿಣದ ಪಟ್ಟಿಯನ್ನು ತೋರಿಸಿ, "ಇಲ್ಲಿ ಕಟ್ಟಿ. ಇದು ಹತ್ತು ಗಂಟಾದ್ರೂ ಹೊರುತ್ತೆ" ಅಂದರು. ಕಮಲಾಕ್ಷಮ್ಮ ಈ ಸಲ ಎಲ್ಲರೆದುರೇ ಕಟ್ಟಿದರು. ಇಂಜಿನ್ ಚಾಲೂ ಆಯಿತು. ನಡುಕ ಇಲ್ಲ.

ಶಂಕರಲಿಂಗಪ್ಪನವರು ಸ್ಟೇರಿಂಗಿನ ಮೇಲೆ ಕೈಯಿಟ್ಟು ಅನುಮಾನದಿಂದ ಕೇಳಿದರು, "ಒಂಚೂರು ಐತೇನೋ, ಅಲ್ವಾ ಸಾಬ್ರೇ?"

ಸಾಬರು ಚೀಲದಿಂದ ಸ್ಕ್ರೂಡ್ರೈವರು ತೆಗೆದು, ಊರಿ, ಕಿವಿ ಹಚ್ಚಿ ಕಣ್ಣು ಮುಚ್ಚಿದರು. ಹುಣಸೆ ಕುಟ್ಟುವವರು ಕೈ ನಿಲ್ಲಿಸಿದರು.

"ಇಲ್ಲ" ಅಂದರು. ಇರಬಹುದು ಅನ್ನಲಿಲ್ಲ.

ವಾಪಸು ಬರುವಾಗ ಮಧುಗಿರಿಯಲ್ಲಿ ನಮಾಜು ಮುಗಿಸಿ ವಾಸಿಫನ ಗ್ಯಾರೇಜಿಗೆ ಹೋದರು. ವಾಸಿಫ್ ಶಿರಾಕ್ಕೆ ಹೊರಡಲು ಟೆಂಪೋ ತಿರುಗಿಸಿ ನಿಲ್ಲಿಸಿದ್ದ. ಗೋಡೆಗೆ ಹೊಸದಾಗಿ ನೀಲಿ ಬಣ್ಣ ಬಳಿದ ಕಬ್ಬಿಣದ ರ‍್ಯಾಕು ನಿಂತಿತ್ತು.

"ನೋಡಿ ಮಾಮು, ನಿಮ್ಮ ಸಾಮಾನಿಗೇ ಅಂತ ಮಾಡಿಸ್ದೆ. ಚೆನ್ನಾಗಿದೆಯಾ?"

"ಚೆನ್ನಾಗಿದೆ. ನಿನ್ನ ಸಾಮಾನು ಜೋಡಿಸು. ಎಲ್ಲಾ ನೆಲದ ಮೇಲೆ ಬಿದ್ದಿದೆ."

ವಾಸಿಫ್ ಮಾಮುವಿನ ಮುಖ ನೋಡಿದ. ಏನೂ ತಿಳಿಯಲಿಲ್ಲ. ಟೆಂಪೋದ ಕೀಲಿಯನ್ನು ಜೇಬಿಗೆ ಹಾಕಿಕೊಂಡು, ತಲೆ ಕೆರೆದುಕೊಂಡು, "ಹಂಗಾದ್ರೆ ಬಂದಿದ್ದು ಬಂದಿದ್ದೀರಿ, ಆ ಕೆಂಪು ವ್ಯಾನು ಸ್ವಲ್ಪ ಕೇಳಿ ಮಾಮು. ಬೆಳಿಗ್ಗೆಯಿಂದ ಒಂದೇ ಸಮ ಮಿಸ್ಸಿಂಗು, ತಾಳ ತಪ್ಪಿ ಎಡವ್ತಾ ಇದೆ. ನನಗೆ ತಲೆ ಕೆಟ್ಟೋಗಿದೆ" ಅಂದ.

ಫಕ್ರುದ್ದೀನ್ ಸಾಬರು ಅಂಗಿಯ ತೋಳು ಮಡಚಿ ವ್ಯಾನಿನ ಹತ್ತಿರ ಹೋದರು. ಸ್ಕ್ರೂಡ್ರೈವರು ತೆಗೆದರು. ಊರುವ ಮುಂಚೆ ಏನೋ ನೆನಪಾಗಿ ತಿರುಗಿ ಕೇಳಿದರು:

"ಈ ವ್ಯಾನಿನವರ ಮನೇಲಿ ಗಾಡಿಗೆ ನೀರು ಹಾಕೋರು ಯಾರು?"